ನಲವತ್ತಕ್ಕೆ ನಲವತ್ತೂ ಸಿದ್ಧ!

ಮಾರ್ಚ್ 32, 2163

ಶಿಕ್ಷಕರ ತರಬೇತಿ ಕಾಲೇಜಿನ ಪ್ರಾಚಾರ್ಯರಿಗೆ,

2026ರ ಫೆಬ್ರವರಿ ಹನ್ನೊಂದರಂದು ನೀವು ದಾಕ್ಷಾಯಿಣಿ ಕುಂಬಾರ ಎಂಬ ವಿದ್ಯಾರ್ಥಿನಿಯ ಕೈಯಿಂದ ಒಂದು ಸುಳ್ಳು ಬರೆಸಿದಿರಿ. ಅದರ ಮೇಲಿನ ತಕರಾರು ಇದು. ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಮಾರ್ಚಿಗೆ ಒಂದು ದಿನ ಹೆಚ್ಚು, ತಕರಾರು ಬರೆಯಲೆಂದೇ ಸೇರಿಸಿಕೊಂಡಿದ್ದೇವೆ; ಆ ದಿನ ಬರೆದ ಕಾಗದ ಹಿಂದಿನ ಕಾಲಕ್ಕೂ ತಲುಪುತ್ತದೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ಊರ ಗ್ರಂಥಾಲಯದ ಹಳೆಯ ಕಾಗದಗಳನ್ನೆಲ್ಲ ಓದಿ ಮುಗಿಸಿದ ಎಪ್ಪತ್ತೊಂದರ ಮುದುಕಿ ನಾನು. ಓದಿದ್ದನ್ನು ಮರೆಯುವ ಅಭ್ಯಾಸವಿಲ್ಲ.

ಅಂದು ನೀವು ಇಂಗ್ಲಿಷ್ ಶಿಕ್ಷಕರಾಗಲಿದ್ದ ನಲವತ್ತು ಮಂದಿಗೆ ಒಂದು ನಮೂನೆ ಕೊಟ್ಟಿರಿ: ತರಗತಿ ನಡೆಸಲು ನೀವೆಷ್ಟು ಸಿದ್ಧ? ಮೂವತ್ತೊಂಬತ್ತು ಮಂದಿ ‘ಪೂರ್ಣ ಸಿದ್ಧ’ ಎಂದರು. ದಾಕ್ಷಾಯಿಣಿ ಮಾತ್ರ ‘ಸಿದ್ಧವಾಗಿಲ್ಲ’ ಎಂದು ಗುರುತು ಹಾಕಿ, ಹಾಳೆಯ ಹಿಂದೆ ಕಾರಣವನ್ನೂ ಬರೆದಳು. ಕಾಲೇಜಿನಲ್ಲಿ ಆಕೆ ಇಪ್ಪತ್ತೆರಡು ಪಾಠ ಮಾಡಿದ್ದಳು. ಎಲ್ಲದರಲ್ಲೂ ಮಕ್ಕಳಾಗಿ ಕುಳಿತವರು ಅವಳ ಸಹಪಾಠಿಗಳೇ. ಯಾವ ಪ್ರಶ್ನೆಗೆ ಯಾರು ಕೈ ಎತ್ತಬೇಕೆಂಬುದು ಹಿಂದಿನ ದಿನವೇ ನಿಗದಿಯಾಗುತ್ತಿತ್ತು. ಅಭ್ಯಾಸಪಾಠಕ್ಕೆಂದು ನಿಜವಾದ ಶಾಲೆಗೆ ಹೋದ ಮೊದಲ ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಟೀಚರ್, ಒಂದೂ ತಿಳೀಲಿಲ್ರಿ. ಮೊದ್ಲ ಕನ್ನಡದಾಗ ಹೇಳ್ರಿ, ಆಮ್ಯಾಲ ಬೇಕಾದ್ರ ಇಂಗ್ಲಿಷ್‌ನಾಗ ಬೈರಿ” ಅಂದಳಂತೆ. ಬಣ್ಣಬಣ್ಣದ ಹೊದಿಕೆ ಹಾಕಿದ್ದ ಪಾಠಯೋಜನೆಯಲ್ಲಿ ಈ ಹುಡುಗಿಗೆ ಜಾಗವೇ ಇರಲಿಲ್ಲ. ಗಂಟೆ ಬಾರಿಸುವವರೆಗೆ ದಾಕ್ಷಾಯಿಣಿ ಚಾರ್ಟನ್ನು ಸುತ್ತುತ್ತ, ಬಿಚ್ಚುತ್ತ ನಿಂತಳು.

ನೀವು ಅವಳನ್ನು ಕರೆಸಿ, “ಏ ತಂಗಿ, ನಿನ್ನೊಬ್ಬಾಕಿ ಸಲುವಾಗಿ ಕಾಲೇಜಿನ ಹೆಸರು ಕೆಡಬೇಕೇನು? ಟಿಕ್ ಹಾಕವ್ವ, ಮುಗೀತು” ಅಂದಿರಿ. ಹೊಸ ಹಾಳೆಯಲ್ಲಿ ಹಾಕಿದಳು; ‘ನಲವತ್ತಕ್ಕೆ ನಲವತ್ತೂ ಸಿದ್ಧ’ ಎಂದು ನೀವು ವರದಿ ಬರೆದಿರಿ. ಆದರೆ ಮೊದಲ ಹಾಳೆಯನ್ನು ಹರಿಯದೆ ಮಡಚಿ ಇಟ್ಟುಕೊಂಡಳು. ಕೊನೆಗೆ ಆಕೆ ಪಾಠ ಮಾಡಿದ್ದು ನಮ್ಮೂರ ಶಾಲೆಯಲ್ಲಿ. ಆ ಹಾಳೆ ನಮ್ಮಲ್ಲಿ ಉಳಿದದ್ದು ಹಾಗೆ.

ಅದರಿಂದ ಹುಟ್ಟಿದ್ದೇ ನಮ್ಮ ‘ತಡವರಿಕೆ ತಿಂಗಳು’. ಹೊಸ ಶಿಕ್ಷಕರು ಮೊದಲ ತಿಂಗಳು ಹಳದಿ ಟೊಪ್ಪಿಗೆ ಹಾಕಿಕೊಂಡು ಪಾಠ ಮಾಡುತ್ತಾರೆ. ಟೊಪ್ಪಿಗೆ ಇರುವವರೆಗೆ ತಪ್ಪಿದರೆ ನಾಚಿಕೆಯಿಲ್ಲ. ಅನುಭವಿ ಶಿಕ್ಷಕರೊಬ್ಬರು ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತಾರೆ, ಸಂಜೆ ಚಹಾ ಕುಡಿಯುವಾಗಷ್ಟೇ ಬಾಯಿ ಬಿಡುತ್ತಾರೆ. ಮೊನ್ನೆ ನಮ್ಮ ಹೊಸ ಮೇಷ್ಟ್ರು ಮೌನೇಶ ಬಡಿಗೇರ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಇಂಗ್ಲಿಷಿನಲ್ಲಿ ದಾರಿ ಹೇಳಿರೆಂದು ಮಕ್ಕಳನ್ನು ಕೇಳಿದ. ಐದನೆಯ ತರಗತಿಯ ಹುಡುಗಿ ಹೇಳುತ್ತ ಹೋದಳು. ಈತ ನೆಟ್ಟಗೆ ಹೋಗಿ ಕಸದ ಬುಟ್ಟಿಯಲ್ಲಿ ಕಾಲಿಟ್ಟ. “ಸರ್, ನಾ ಹೇಳಿದ್ದು ಸರಿನ ಐತ್ರಿ. ನೀವ ಕಿವಿಗೊಡಲಿಲ್ಲ!” ಅಂದಳು. ತರಗತಿಯೆಲ್ಲ ನಕ್ಕಿತು, ಮೌನೇಶನೂ ನಕ್ಕ. ಮಕ್ಕಳ ಮಾತು ಕೇಳಿಸಿಕೊಳ್ಳುವುದನ್ನು ಅವನು ಕಲಿತದ್ದು ಅಂದೇ.

ಈಗ ನಮ್ಮ ಶಿಕ್ಷಣ ಸಮಿತಿ ಈ ತಿಂಗಳನ್ನೇ ರದ್ದು ಮಾಡಲು ಹೊರಟಿದೆ. ಸೋಮವಾರ ಸಭೆ. ನಿರ್ಧಾರವಾದರೆ ಮರುದಿನವೇ ಮೌನೇಶನ ಟೊಪ್ಪಿಗೆ ಹೋಗುತ್ತದೆ, ಹಿಂದಿನ ಬೆಂಚೂ ಖಾಲಿಯಾಗುತ್ತದೆ. ಸಮಿತಿಯ ಕೈಯಲ್ಲಿರುವ ಆಧಾರ ಯಾವುದು ಗೊತ್ತೇ? ನಿಮ್ಮ ವರದಿ! ಅಂದಿನ ಕಾಲೇಜುಗಳು ಇಂಥ ತಿಂಗಳೇ ಇಲ್ಲದೆ ನಲವತ್ತಕ್ಕೆ ನಲವತ್ತು ಮಂದಿಯನ್ನು ಸಿದ್ಧಗೊಳಿಸಿದ್ದವು ಎಂದು ಅದನ್ನು ಓದಿ ಹೇಳುತ್ತಿದ್ದಾರೆ. ನಾನು ದಾಕ್ಷಾಯಿಣಿಯ ಹಾಳೆ ತೋರಿಸಿದರೆ, “ಅಜ್ಜಿ, ಅದರ ಮ್ಯಾಲ ಕಾಲೇಜಿನ ಸಿಕ್ಕಾ ಇಲ್ಲಲ್ಲ” ಅನ್ನುತ್ತಾರೆ.

ನಿಮಗೆ ಇನ್ನೂ ಸಮಯವಿದೆ, ನಿಮ್ಮ ಆ ವರ್ಷದ ವಾರ್ಷಿಕೋತ್ಸವ ಇನ್ನೂ ಆಗಿಲ್ಲ. ವಾರ್ಷಿಕೋತ್ಸವದ ದಿನ ದಾಕ್ಷಾಯಿಣಿಯನ್ನು ವೇದಿಕೆಗೆ ಕರೆದು ಆ ಮೊದಲ ಹಾಳೆಯನ್ನು ಓದಿಸಿ, ಅದಕ್ಕೆ ಕಾಲೇಜಿನ ಮುದ್ರೆ ಒತ್ತಿ. ಉಳಿದ ಮೂವತ್ತೊಂಬತ್ತು ಮಂದಿಯಿಂದಲೂ ಆ ನಮೂನೆಯನ್ನು ಮತ್ತೊಮ್ಮೆ ತುಂಬಿಸಿ, ಈ ಸಲ ನೀವು ಕೋಣೆಯ ಹೊರಗೆ ನಿಂತು. ಬಳಿಕ ಮೈಕು ಹಿಡಿದು ಎಲ್ಲರೆದುರು ಹೇಳಿ: ಅಂದು ನಿಜಕ್ಕೂ ಸಿದ್ಧರಿದ್ದವರು ಎಷ್ಟು ಮಂದಿ?

ಇತಿ,
ಶಾಂತವ್ವ ಮಡಿವಾಳರ