ಆರು ಜನ ಕೂತರೆ ಸೋಲುವ ಮೋಟಾರು

ದಂಡೆಯ ಮನೆ,
ಗುರುವಾರ, ಫೆಬ್ರುವರಿ ೧೯, ಬೆಳಗ್ಗೆ

ಪ್ರೀತಿಯ ಮಗಳೇ,

ನಾವಿಬ್ಬರೂ ಕ್ಷೇಮ. ನಿನ್ನ ಕೆಮ್ಮು ಹೇಗಿದೆ ಎಂಬುದನ್ನು ಮೊದಲು ಸರಿಯಾಗಿ ತಿಳಿಸು. ಕಳೆದ ಪತ್ರದಲ್ಲಿ ‘ಪರವಾಗಿಲ್ಲ’ ಎಂದಷ್ಟೇ ಬರೆದಿದ್ದೆ. ಪರವಾಗಿಲ್ಲ ಎಂಬುದು ಉತ್ತರವಲ್ಲ, ಉತ್ತರದಿಂದ ನುಣುಚಿಕೊಳ್ಳುವ ದಾರಿ. ತರಗತಿಯಲ್ಲಿ ಯಾರಾದರೂ ಹಾಗೆ ಹೇಳಿದ್ದರೆ ನಿಂತೇ ಇರಲು ಹೇಳುತ್ತಿದ್ದೆ. ಕಾರ್ಯಾಗಾರದ ಹೊಗೆಯಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದೀಯಾ ಎಂದು ನಿನ್ನ ಅಮ್ಮ ಕೇಳುತ್ತಿದ್ದಾಳೆ. ಅವಳ ಮಂಡಿನೋವು ಮೆಟ್ಟಿಲು ಇಳಿಯುವಾಗ ಮಾತ್ರ ಕಾಡುತ್ತದೆ, ಹತ್ತುವಾಗ ಇಲ್ಲವಂತೆ. ನನ್ನ ಕನ್ನಡಕ ಬದಲಾಗಿದೆ. ಈ ಪತ್ರದ ಅಕ್ಷರ ಹಿಂದಿನದಕ್ಕಿಂತ ಚಿಕ್ಕದಾಗಿ ಕಂಡರೆ ಕಾರಣ ಅದು, ವಯಸ್ಸಲ್ಲ.

ಈಗ ನಿನ್ನ ಪತ್ರದ ವಿಚಾರ. ‘ಮೋಟಾರು ತಿಳಿದವರು ದೋಣಿಯ ಹತ್ತಿರ ಯಾರೂ ಇಲ್ಲ, ಹಾಗಾಗಿ ಈ ತಿಂಗಳ ಕೊನೆಗೆ ತರಬೇತಿ ಬಿಟ್ಟು ಬಂದುಬಿಡುತ್ತೇನೆ’ ಎಂದು ಬರೆದಿದ್ದೀಯೆ. ಮುಗಿಯಲು ಇನ್ನು ಎರಡೇ ತಿಂಗಳು ಉಳಿದಿರುವ ತರಬೇತಿ ಅದು. ನಿನ್ನ ಚಿಂತೆ ನನಗೆ ಅರ್ಥವಾಗುತ್ತದೆ. ದೋಣಿ ನಿನ್ನ ಹೆಸರಿನಲ್ಲಿದೆ. ಆಚೆ ದಡದ ಹದಿನಾಲ್ಕು ಮನೆಗಳವರು ಕೆಲಸಕ್ಕೂ ಆಸ್ಪತ್ರೆಗೂ ಅದನ್ನೇ ನೆಚ್ಚಿಕೊಂಡಿದ್ದಾರೆ. ವಾರ್ಷಿಕ ತಪಾಸಣೆಯಲ್ಲಿ ತುಂಬಿದ ದೋಣಿ ನಡುನೀರಿನಲ್ಲಿ ನಿಂತರೆ ಪರವಾನಗಿ ಹೋದಂತೆಯೇ. ಆದರೂ ಪೆಟ್ಟಿಗೆ ಕಟ್ಟುವ ಮೊದಲು ಈ ಪತ್ರವನ್ನು ಕೊನೆಯವರೆಗೆ ಓದು. ನಡುವೆ ಪುಟ ಹಾರಿಸಬೇಡ. ಆ ಅಭ್ಯಾಸ ನಿನಗೆ ಐದನೆಯ ತರಗತಿಯಿಂದಲೂ ಇದೆ.

ಮೋಟಾರಿನ ಲಕ್ಷಣ ನಿನಗೆ ಗೊತ್ತೇ ಇದೆ. ದೋಣಿಕಟ್ಟೆಗೆ ಕಟ್ಟಿಹಾಕಿದಾಗ ಹಸುವಿನಂತೆ ಸಾಧು. ಈಗ ದೋಣಿ ನಡೆಸುತ್ತಿರುವ ನಿನ್ನ ಮಾವ ಖಾಲಿ ದೋಣಿಯಲ್ಲಿ ಒಬ್ಬನೇ ನಿಧಾನವಾಗಿ ಹೋದರೂ ತಕರಾರಿಲ್ಲ. ಆರು ಜನರನ್ನು ಕೂರಿಸಿ ವೇಗ ಕೊಟ್ಟರೆ, ನೀರಿನಲ್ಲಿ ಗುರುತಿಗೆ ಬಿಟ್ಟ ಕೆಂಪು ತೇಲುಬುರುಡೆ ದಾಟುವಷ್ಟರಲ್ಲಿ ಅದರ ಸದ್ದು ಇಳಿಯುತ್ತದೆ, ಮೂತಿ ಎತ್ತಿದ್ದ ದೋಣಿ ನೀರಿಗೆ ಕುಸಿಯುತ್ತದೆ. ವೇಗ ತಗ್ಗಿಸಿದರೆ ಚೇತರಿಸಿಕೊಂಡಂತೆ ನಟಿಸಿ, ಮತ್ತೆ ಏರಿಸಿದರೆ ಮತ್ತೆ ಸೋಲುತ್ತದೆ. ನೀನು ಕಳಿಸಿದ ಹನ್ನೊಂದು ಕಾರಣಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿ, ಒಂದು ದಿನಕ್ಕೆ ಒಂದೇ ಬದಲಾವಣೆ ಎಂಬ ನಿಯಮ ಮಾಡಿದೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ಹೊಸ ಪ್ಲಗ್ ಹಾಕಿದೆವು. ಹಳೆಯ ಪೆಟ್ರೋಲನ್ನು ಗಾಜಿನ ಜಾಡಿಗೆ ಸುರಿದು ಒಂದು ಹಗಲು ಇಟ್ಟು ನೋಡಿದೆ; ತಳದಲ್ಲಿ ನೀರಿನ ಹನಿಯೂ ಇರಲಿಲ್ಲ. ಫಿಲ್ಟರ್ ಬದಲಾಯಿತು. ನೀರು ತಳ್ಳುವ ಫ್ಯಾನಿನ ಒಳಗಿನ ರಬ್ಬರು ಜಾರುತ್ತಿದೆಯೇ ಎಂದು ತಿಳಿಯಲು ಅದರ ನಡುವಿನ ಗುಬುಟಿನಿಂದ ಹೊರಬಳೆಯವರೆಗೆ ಬಣ್ಣದಿಂದ ಒಂದು ಗೆರೆ ಎಳೆದೆ. ಹೋಗಿ ಬಂದ ಮೇಲೂ ಗೆರೆ ಮುರಿದಿರಲಿಲ್ಲ. ಇದನ್ನೆಲ್ಲ ನಾನು ದಿನಾಂಕ ಸಹಿತ ಬರೆದಿಡುವುದನ್ನು ನೋಡಿ ನಿನ್ನ ಮಾವ, “ಏನ್ ಭಾವ, ಮೋಟಾರಿಗೂ ಅಂಕಪಟ್ಟಿ ಕೊಡ್ತೀರಾ? ಪಾಪ, ಫೇಲ್ ಮಾಡ್ಬೇಡಿ, ಅದಕ್ಕೆ ಅಪ್ಪ ಅಮ್ಮ ಇಲ್ಲ” ಎಂದ.

ಕಟ್ಟೆಯ ಮೆಕ್ಯಾನಿಕ್ ಕಾರ್ಬುರೇಟರ್ ಬಿಚ್ಚಿ ತೊಳೆದುಕೊಟ್ಟ. ಅದರಿಂದಲೂ ಗುಣ ಕಾಣದಾಗ ಕೈ ಒರೆಸಿಕೊಂಡು, “ಮೇಷ್ಟ್ರೇ, ಇಪ್ಪತ್ತೆರಡು ವರ್ಷದ ಮೋಟಾರು. ಎದೇಲಿ ದಮ್ಮಿಲ್ಲ. ಗುಜರಿಗೆ ಹಾಕಿ, ನಿಮ್ಗೂ ನೆಮ್ಮದಿ, ಅದಕ್ಕೂ ನೆಮ್ಮದಿ” ಎಂದು ತೀರ್ಪು ಕೊಟ್ಟ. ದಮ್ಮಿಲ್ಲವೆಂದು ಅಳೆದು ಹೇಳುತ್ತಿದ್ದೀಯೋ, ನೋಡಿ ಹೇಳುತ್ತಿದ್ದೀಯೋ ಎಂದು ಕೇಳಿದೆ. ತಲೆ ಕೆರೆದುಕೊಂಡು ಒತ್ತಡ ಅಳೆಯುವ ಗಡಿಯಾರ ತಂದ. ಎರಡು ಸಿಲಿಂಡರುಗಳಲ್ಲೂ ಮುಳ್ಳು ಒಳ್ಳೆಯ ಎತ್ತರದಲ್ಲಿ ಒಂದೇ ಕಡೆ ನಿಂತಿತು. ಮುದಿಯಾದದ್ದು ಮೋಟಾರಲ್ಲ, ನಮ್ಮ ಊಹೆ ಎಂದು ಅಂದು ಬರೆದುಕೊಂಡೆ. ಆದರೆ ಪಟ್ಟಿಯ ಹನ್ನೊಂದೂ ಮುಗಿದಿದ್ದವು, ತಪಾಸಣೆಗೆ ಐದು ದಿನ ಉಳಿದಿತ್ತು, ನಿನ್ನ ಪತ್ರವೂ ಆವತ್ತೇ ಬಂತು. ನಿನಗೆ ಮರೆಮಾಚಿ ಪ್ರಯೋಜನವಿಲ್ಲ. ಆ ಸಂಜೆ ‘ಬಾ’ ಎಂದು ಬರೆಯಲು ನಾನು ಕಾಗದ ತೆಗೆದುಕೊಂಡು ಕುಳಿತಿದ್ದೆ. ನಿನ್ನ ಅಮ್ಮ ಪೆನ್ನು ಕಿತ್ತುಕೊಂಡು, “ನಾಳೆ ನನ್ನನ್ನೂ ಕರ್ಕೊಂಡು ಹೋಗಿ. ಅದು ಎಲ್ಲಿ ಸೋಲುತ್ತೆ ನೋಡ್ಬೇಕು” ಎಂದಳು.

ಮರುದಿನ ದೋಣಿಯಲ್ಲಿ ಜನರ ಬದಲಿಗೆ ಮರಳಿನ ಮೂಟೆಗಳನ್ನು ಹೇರಿ, ಅವುಗಳ ನಡುವೆ ಅವಳನ್ನು ಪೆಟ್ರೋಲ್ ಟ್ಯಾಂಕಿನ ಪಕ್ಕ ಕೂರಿಸಿದೆವು. “ಅಕ್ಕಾ, ಮೂಟೆ ಲೆಕ್ಕದಲ್ಲಿ ನಿನ್ನನ್ನ ಎಷ್ಟು ಅಂತ ಹಿಡೀಲಿ?” ಎಂದು ನಿನ್ನ ಮಾವ ಕೇಳಿದ್ದಕ್ಕೆ, “ಬಾಯಿ ಮುಚ್ಚಿ ಮುಂದೆ ನೋಡು, ತೇಲುಬುರುಡೆಗೆ ಗುದ್ದೀಯ” ಎಂದಳು. ಕೆಂಪು ಬುರುಡೆ ದಾಟಿತು, ಸದ್ದು ಇಳಿಯತೊಡಗಿತು. ನಾನು ಎಂದಿನಂತೆ ಮೋಟಾರನ್ನು ನೋಡುತ್ತಿದ್ದೆ. ಅವಳು ನೋಡುತ್ತಿದ್ದುದು ತನ್ನ ಕಾಲ ಬಳಿಯ ಪೈಪನ್ನು. ಮೋಟಾರು ಶುರುಮಾಡುವ ಮೊದಲು ಪೆಟ್ರೋಲ್ ಏರಿಸಲು ನಾವು ಹಿಂಡುತ್ತೇವಲ್ಲ, ಆ ರಬ್ಬರ್ ಉಂಡೆ ಯಾರೂ ಮುಟ್ಟದೆಯೇ ಚಪ್ಪಟೆಯಾಗಿತ್ತು. “ರೀ, ಇದನ್ನ ಯಾರೋ ಒಳಗಿನಿಂದ ಹೀರ್ತಾ ಇದಾರೆ” ಎಂದಳು. ಮರುಕ್ಷಣವೇ ಟ್ಯಾಂಕಿನ ಮುಚ್ಚಳದ ಮೇಲಿನ ಪುಟ್ಟ ತಿರುಪನ್ನು ಸೆರಗಿನ ತುದಿಯಿಂದ ಹಿಡಿದು ತಿರುಗಿಸಿದಳು. ‘ಸುಯ್’ ಎಂದು ಗಾಳಿ ಒಳನುಗ್ಗಿದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ನಾನು ಹತ್ತು ಎಣಿಸುವುದರೊಳಗೆ ಉಂಡೆ ಉಬ್ಬಿತು, ಮೋಟಾರು ಗರ್ಜಿಸಿತು, ದೋಣಿ ಮೂತಿ ಎತ್ತಿತು. ನಿನ್ನ ಮಾವ ಹಿಂದಕ್ಕೆ ವಾಲಿ ಮೂಟೆಯ ಮೇಲೆ ಬಿದ್ದ. “ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದ್ರೆ ಎಣ್ಣೆ ಬರುತ್ತಾ? ಗಾಳಿಗೆ ಇನ್ನೊಂದು ಬೇಡ್ವಾ? ಇದನ್ನ ಕಂಡುಹಿಡಿಯೋಕೆ ನಿಮ್ಗೆ ಒಂದು ನೋಟ್‌ಬುಕ್ ಬೇಕಾಯ್ತಾ?” ಎಂದು ನಮ್ಮಿಬ್ಬರನ್ನೂ ಒಟ್ಟಿಗೆ ವಿಚಾರಿಸಿಕೊಂಡಳು.

ಆ ತಿರುಪನ್ನು ಮುಚ್ಚಿದವರು ಯಾರು ಎಂಬ ಪ್ರಶ್ನೆಗೆ ಉತ್ತರ ಬರೆಯುವುದು ನನ್ನ ಕರ್ತವ್ಯ. ಮುಚ್ಚಿದವನು ನಾನು. ನೀನು ಹೋದ ಮೇಲೆ ಸಂಜೆ ಟ್ಯಾಂಕನ್ನು ಕೋಣೆಯಲ್ಲಿಡುವುದೂ ಬೆಳಗ್ಗೆ ನಿನ್ನ ಮಾವನಿಗೆ ಒಪ್ಪಿಸುವುದೂ ನನ್ನ ಪಾಲಿಗೆ ಬಂತು. ಪೆಟ್ರೋಲಿನ ವಾಸನೆ ಬಾರದಿರಲೆಂದು ಸಂಜೆ ತಿರುಪನ್ನು ಬಿಗಿ ಮಾಡುತ್ತಿದ್ದೆ, ಅದು ಸರಿ. ಒಪ್ಪಿಸುವ ವಸ್ತುವಿನ ಎಲ್ಲ ತಿರುಪುಗಳೂ ಬಿಗಿಯಾಗಿರಬೇಕೆಂದು ಬೆಳಗ್ಗೆ ಇನ್ನೊಮ್ಮೆ ಬಿಗಿ ಮಾಡುತ್ತಿದ್ದೆ, ಅದು ತಪ್ಪು. ಕಟ್ಟೆಯಲ್ಲಿ ಅದನ್ನು ಸಡಿಲಿಸುವುದು ನಿನ್ನ ಕೈಗೆ ಎಷ್ಟು ರೂಢಿಯಾಗಿತ್ತೆಂದರೆ, ನಿನ್ನ ಹನ್ನೊಂದು ಕಾರಣಗಳಲ್ಲಿ ಅದನ್ನು ಸೇರಿಸಬೇಕೆಂದು ನಿನಗೂ ಹೊಳೆಯಲಿಲ್ಲ. ನಿನ್ನ ಮಾವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. “ಭಾವ ಬಿಗಿ ಮಾಡಿದ್ದನ್ನ ಸಡಿಲ ಮಾಡಿ ಬೈಸಿಕೊಳ್ಳೋಕೆ ನನಗೇನು ಹುಚ್ಚಾ? ಏನೋ ಕಾರಣ ಇರುತ್ತೆ ಅಂದ್ಕೊಂಡೆ” ಎಂದ. ಇಷ್ಟು ವರ್ಷ ಎಲ್ಲರೂ ನನ್ನ ಮಾತು ಕೇಳಲೆಂದು ಬಯಸಿದವನಿಗೆ, ಕೇಳಿದರೆ ಹೀಗೂ ಆಗುತ್ತದೆಂದು ಈಗ ತಿಳಿಯಿತು.

ಮಂಗಳವಾರ ತಪಾಸಣೆ ನಡೆಯಿತು. ತಪಾಸಣಾಧಿಕಾರಿ ತಾವೂ ಸೇರಿ ಆರು ಜನರನ್ನು ಹತ್ತಿಸಿದರು. ಅವರೊಬ್ಬರೇ ಇಬ್ಬರ ಸಮ ಎಂದು ನಿನ್ನ ಮಾವ ಕಣ್ಣಿನಲ್ಲೇ ಹೇಳಿದ, ನಾನು ಕಣ್ಣಿನಲ್ಲೇ ಗದರಿದೆ. ದೀಪಸ್ತಂಭದವರೆಗೆ ಪೂರ್ಣ ವೇಗದಲ್ಲಿ ಹೋಗಿ ಬಂದೆವು. ಮರಳುವಾಗ ಮೋಟಾರು ಒಮ್ಮೆ ಸಣ್ಣಗೆ ತಡವರಿಸಿತು. ನಾನು ಥಟ್ಟನೆ ಮೋಟಾರಿನ ಕಡೆ ತಿರುಗಿದೆ. ನಿನ್ನ ಅಮ್ಮ ಮೋಟಾರಿನ ಕಡೆ ನೋಡಲೂ ಇಲ್ಲ; ಅವಳ ಎರಡು ಬೆರಳು ರಬ್ಬರ್ ಉಂಡೆಯ ಮೇಲಿದ್ದವು. ಉಂಡೆ ತುಂಬಿದೆ ಎಂದು ಖಚಿತಪಡಿಸಿಕೊಂಡು, “ಪೈಪು ಯಾರ ಕಾಲ ಕೆಳಗೂ ಸಿಕ್ಕಿಲ್ಲ, ಪೆಟ್ರೋಲ್ ಬರ್ತಿದೆ. ಅದು ಅಲೆಗೆ ಫ್ಯಾನು ನೀರಿನಿಂದ ಮೇಲೆ ಬಂದದ್ದು. ನಡಿ” ಎಂದು ತಮ್ಮನಿಗೆ ಹೇಳಿದಳು. ಹಾಗೆಯೇ ಆಗಿತ್ತು. ಅಧಿಕಾರಿ ದಡಕ್ಕಿಳಿದು, “ಇದನ್ನ ಯಾರಮ್ಮಾ ನಿಮಗೆ ಹೇಳಿಕೊಟ್ಟಿದ್ದು, ಮೇಷ್ಟ್ರಾ?” ಎಂದು ಕೇಳಿದರು. ನಾನು ಅಡ್ಡಬಂದು, “ಇಲ್ಲ ಸ್ವಾಮೀ, ನಾನು ಅವಳ ಹತ್ತಿರ ಕಲಿಯುತ್ತಿದ್ದೇನೆ” ಎಂದೆ. ಮನೆಗೆ ಮರಳುವ ದಾರಿಯಲ್ಲಿ ಮೆಟ್ಟಿಲು ಇಳಿಯುವಾಗ ಅವಳು ಒಮ್ಮೆಯೂ ಮಂಡಿ ಹಿಡಿದುಕೊಳ್ಳಲಿಲ್ಲ. ಮಗಳೇ, ನಿನ್ನ ಅಮ್ಮನನ್ನು ನಾನು ನಲವತ್ತೊಂದು ವರ್ಷಗಳಿಂದ ಬಲ್ಲೆ ಎಂದುಕೊಂಡಿದ್ದೆ. ಎಣ್ಣೆ ಡಬ್ಬವನ್ನು ಅವಳು ನನ್ನ ಕಣ್ಣೆದುರೇ ನೂರು ಸಲ ತೂತು ಮಾಡಿದ್ದಾಳೆ. ಯಾಕೆ ಎರಡು ತೂತು ಎಂದು ಒಮ್ಮೆಯೂ ಕೇಳಿರಲಿಲ್ಲ.

ಪರವಾನಗಿ ಮತ್ತೊಂದು ವರ್ಷಕ್ಕೆ ಸಿಕ್ಕಿದೆ. ಆಚೆ ದಡದವರು ನಿನ್ನನ್ನು ಕೇಳಿದರು. ನಿನ್ನ ಮಾವ ಆಶೀರ್ವಾದ ಕಳಿಸಿದ್ದಾನೆ, ಜತೆಗೆ ಯಾವುದೋ ಹಾಸ್ಯವನ್ನೂ, ಅದು ಬರೆಯತಕ್ಕದ್ದಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು, ಕೆಮ್ಮಿಗೆ ಔಷಧಿ ತೆಗೆದುಕೊ, ನಿನ್ನ ಕೈಗೆ ವಿದ್ಯೆ ಸದಾ ಒಲಿದಿರಲಿ.

ಇಂತು ನಿನ್ನ ಹಿತವನ್ನೇ ಬಯಸುವ
ಅಪ್ಪ

ತಾ.ಕ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಮುಖ್ಯ ವಿಷಯವೇ ಉಳಿದುಹೋಯಿತು. ಪರವಾನಗಿಯಲ್ಲಿ ‘ಯಂತ್ರದ ಹೊಣೆ ಹೊತ್ತವರು’ ಎಂಬ ಅಂಕಣದಲ್ಲಿ ಈವರೆಗೆ ನಿನ್ನ ಹೆಸರಿತ್ತು. ಅದನ್ನು ಹೊಡೆದುಹಾಕಿಸಿ ನಿನ್ನ ಅಮ್ಮನ ಹೆಸರು ಬರೆಸಿದ್ದೇನೆ. ಅವಳೇ ಸಹಿ ಮಾಡಿದ್ದಾಳೆ. ಆದ್ದರಿಂದ ಪೆಟ್ಟಿಗೆ ಬಿಚ್ಚು, ತರಬೇತಿ ಮುಗಿಸು, ಆ ಮೇಲೆ ಎಲ್ಲಿ ಕೆಲಸ ಸಿಕ್ಕರೆ ಅಲ್ಲಿ ಸೇರು. ದೋಣಿಗೆ ಇನ್ನು ನೀನು ಬೇಕಾಗಿಲ್ಲ. ನಮಗೆ ಬೇಕು, ಅದು ಬೇರೆ ಮಾತು. ಅದಕ್ಕೆ ರಜೆಯಲ್ಲಿ ಬಾ.