ಎಡಗಡೆಯ ಮೈಕು

ಬಸವೇಶ್ವರನಗರ
೮-೪-೨೦೦೭, ಭಾನುವಾರ

ಪೂಜ್ಯ ಅನಂತಲಕ್ಷ್ಮಿ ಅತ್ತಿಗೆಯವರಿಗೆ,

ನಿಮ್ಮ ತಂಗಿ ರಾಗಿಣಿಯ ಗಂಡ ವೆಂಕಟಗಿರಿ ಮಾಡುವ ನಮಸ್ಕಾರಗಳು. ಗೋವಿಂದರಾಜನಗರ ಇಲ್ಲಿಂದ ನಡೆದು ಬರುವಷ್ಟೇ ದೂರ. ನಿಮ್ಮ ಗೇಟಿನ ತನಕ ಬಂದು, ಚಿಲಕ ಮುಟ್ಟಿ, ಹಿಂದಕ್ಕೆ ಹೋಗಿದ್ದೇನೆ. ಮೊನ್ನೆ ಫೋನ್ ಮಾಡಿ, ನಿಮ್ಮ ‘ಹಲೋ’ ಕೇಳಿದೊಡನೆ ಇಟ್ಟುಬಿಟ್ಟವನೂ ನಾನೇ. ಆದ್ದರಿಂದ, ಐ ಬೆಗ್ ಟು ಸ್ಟೇಟ್, ಕಾಗದದಲ್ಲೇ ಹೇಳುತ್ತೇನೆ.

ಗುರುವಾರ ನಿಮ್ಮ ಮಗಳು ಶಿಲ್ಪಾ ಫೋನ್ ಮಾಡಿದ್ದಳು. “ಚಿಕ್ಕಪ್ಪ, ನೀವು ಕೊಟ್ಟ ಸೀಡಿ ಕೇಳಿದ ಮೇಲೆ ಅಮ್ಮ ತಂಬೂರಿಗೆ ಗೌಸು ಹಾಕಿ ಅಟ್ಟಕ್ಕೇರಿಸಿಬಿಟ್ರು. ಪಾಠಕ್ಕೆ ಬಂದ ಮಕ್ಕಳನ್ನೂ ವಾಪಸ್ ಕಳಿಸಿದ್ರು. ಇಯರ್‌ಫೋನ್ ಹಾಕ್ಕೊಂಡು ಎಡಗಡೆದು ಕೇಳಿ ನೋಡಿ” ಎಂದಳು. ಮುಂದಿನ ಭಾನುವಾರದ ದೀಪಾಂಜಲಿ ನಗರದ ಕಚೇರಿಗೂ ಬರುವುದಿಲ್ಲವೆಂದು ಹೇಳಿಕಳಿಸಿದ್ದೀರಂತೆ. ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಎಲ್ಲಿಂದ ಶುರು ಮಾಡಲಿ? ರಾಗಿಣಿಗೆ ಒಂದು ಆಸೆಯಿತ್ತು, ನಿಮಗೂ ಗೊತ್ತು. ನಿಮ್ಮ ಹಳೆಯ ಕ್ಯಾಸೆಟ್ ಹಾಕಿದಾಗಲೆಲ್ಲ, “ಅಕ್ಕ, ಪಿಟೀಲು, ಮೃದಂಗ, ಮೂರೂ ಒಂದೇ ಡಬ್ಬದಲ್ಲಿ ತುಂಬಿದ ಹಾಗಿದೆ ಕಣ್ರೀ. ಕಣ್ಣು ಮುಚ್ಚಿದರೆ ಯಾರು ಎಲ್ಲಿ ಕೂತಿದ್ದಾರೆ ಅಂತ ಗೊತ್ತಾಗಬೇಕು” ಎನ್ನುತ್ತಿದ್ದಳು. ಈ ಸಲ ರಾಮನವಮಿಗೆ ಹನುಮಯ್ಯನವರ ಮನೆಯ ಹಾಲಿನಲ್ಲಿ, ಲೌಡ್‌ಸ್ಪೀಕರ್ ಇಲ್ಲದೆ ನೀವು ಹಾಡುತ್ತೀರೆಂದು ತಿಳಿದಾಗ, ಅದನ್ನು ಮಾಡಿಯೇ ತೀರಬೇಕು ಎನಿಸಿತು.

ಪೆನ್ಷನ್ನಿನವನ ಕೈಗೆ ನಿಲುಕುವ ಮೈಕು ಬೇಕಲ್ಲ. ಎಸ್.ಪಿ. ರೋಡಿನಲ್ಲಿ ಅಂಗಡಿಯವನು ಮೊದಲು ಭಾಷಣಕ್ಕೆ ಹಿಡಿಯುವಂಥ ದಪ್ಪ ಮೈಕು ತೋರಿಸಿದ. ಅದು ಬಾಯಿಯ ಹತ್ತಿರವಿಟ್ಟರೆ ಮಾತ್ರ ಕೇಳುತ್ತದೆ. ದೂರ ಕೂತು ಇಡೀ ಕಚೇರಿಯನ್ನು ಹಿಡಿಯಲು ಆಗದು. ಕೊನೆಗೆ ಬ್ಯಾಟರಿ ಹಾಕುವ, ಬೆರಳುದ್ದದ ಎರಡು ಕಂಡೆನ್ಸರ್ ಮೈಕು ಆರಿಸಿದೆ. ಎರಡೂ ಒಂದೇ ಕಂಪನಿಯವು, ಒಂದೇ ಮಾಡೆಲ್ಲಿನವು ಆಗಿರಬೇಕು ಅತ್ತಿಗೆ. ಇಲ್ಲದಿದ್ದರೆ ಒಂದು ಕಿವಿಗೆ ಒಂದು ರುಚಿ, ಇನ್ನೊಂದಕ್ಕೆ ಬೇರೆ ರುಚಿ.

ಹೆಡ್‌ಫೋನ್ ಹಾಕಿ ಪರೀಕ್ಷಿಸಿದರೆ ಎಡಗಡೆಯದು ಸಪ್ಪೆ. ಬದಲಾಯಿಸಿಕೊಡು ಎಂದೆ. ಅದೂ ಸಪ್ಪೆ. ಮತ್ತೊಂದು ತರಿಸಿದೆ. “ಸಾರ್, ಎಲ್ಲಾ ಒಂದೇ ಲಾಟು. ನನಗೆ ಚೆನ್ನಾಗೇ ಕೇಳ್ತಾ ಇದೆ” ಎಂದ ಅಂಗಡಿಯವನಿಗೆ ನಾನು ಇಂಗ್ಲಿಷಿನಲ್ಲಿ ಬುದ್ಧಿ ಹೇಳಿದೆ. ಬಿ.ಎಸ್ಸಿ. ಪ್ರಾಕ್ಟಿಕಲ್ಸ್‌ನಲ್ಲಿ ಕಲಿತದ್ದು: ಫಸ್ಟ್ ಚೆಕ್ ದಿ ಇನ್‌ಸ್ಟ್ರುಮೆಂಟಲ್ ಎರರ್. ಎರಡನೆಯದೊಂದು ಎರರ್ ಇತ್ತು, ಅದರ ಹೆಸರು ಅಲ್ಲಿ ನೆನಪಾಗಲಿಲ್ಲ.

ರಾಗಿಣಿಯ ಸೀರೆ ಹ್ಯಾಂಗರಿನ ಎರಡು ತುದಿಗೆ ಎರಡು ಮೈಕು ಕಟ್ಟಿ, ಅದನ್ನು ಕೋಲಿಗೆ ಸಿಕ್ಕಿಸಿ, ಹನುಮಯ್ಯನವರ ಹಾಲಿನಲ್ಲಿ ಮುಂದಿನ ಸಾಲಿನ ಪಕ್ಕ ನಿಲ್ಲಿಸಿದ್ದು ನಿಮಗೂ ಕಂಡಿರಬೇಕು. ಮಕ್ಕಳು ನಗುತ್ತಿದ್ದರು. ಎಡದ ಮೈಕು ಸಪ್ಪೆಯೆಂದು ರೆಕಾರ್ಡರಿನಲ್ಲಿ ಅದರ ಸದ್ದಿನ ತಿರುಗಣೆಯನ್ನು ತುದಿಯವರೆಗೂ ತಿರುಗಿಸಿದೆ. ನನ್ನ ಕುರ್ಚಿ ಅದರ ಮಗ್ಗುಲಲ್ಲೇ. ಭೇಷ್ ಹೇಳುವವನು ಮುಂದೆಯೇ ಕೂರಬೇಕೆಂಬ ಅಭ್ಯಾಸ ನನ್ನದು. ಪಕ್ಕದಲ್ಲಿ ನಮ್ಮ ಬೀದಿಯ ದೇವೇಂದ್ರಪ್ಪ, ಗದಗಿನ ಕಡೆಯವರು. ಆ ರೆಕಾರ್ಡಿಂಗನ್ನೇ ಸೀಡಿ ಮಾಡಿಸಿ ನಿಮಗೆ ಕೊಟ್ಟೆ.

ಶಿಲ್ಪಾ ಹೇಳಿದ ಮೇಲೆ, ಎಡಗಡೆಯ ಇಯರ್‌ಫೋನೂ ಸಪ್ಪೆ ಎನಿಸಿ, ಅದನ್ನು ಬಲಗಿವಿಗೆ ಇಟ್ಟುಕೊಂಡು ಕೇಳಿದೆ. ಮೊದಲು ತೊಡೆ ತಟ್ಟುವ ನನ್ನ ತಾಳ, ಯಾರೋ ಬಟ್ಟೆ ಒಗೆದ ಹಾಗೆ. ನಿಮ್ಮ ಹಾಡು ಆಚೆ ಮನೆಯದು ಎನ್ನುವಷ್ಟು ಹಿಂದೆ. ಆಮೇಲೆ ದೇವೇಂದ್ರಪ್ಪ, “ಮ್ಯಾಲಿನ ಷಡ್ಜ ಭಾಳ ಛಲೋ ಹಚ್ಚ್ಯಾರ ನೋಡ್ರಿ” ಎನ್ನುತ್ತಾರೆ. ಆಮೇಲೆ ನಾನು.

ನೀವು ಕೇಳಿದ್ದೀರಿ. ಆದರೂ ನನ್ನ ಕೈಯಿಂದಲೇ ಬರೆಯುತ್ತೇನೆ, ಶಿಕ್ಷೆಯಿರಲಿ. “ಎಲ್ಲಿ ಹಚ್ಚಿದಾರೆ ಸ್ವಾಮಿ, ಬಾಯಿ ತೆರೆದಿದಾರೆ ಅಷ್ಟೆ. ಗಂಟಲು ಹೋಗಿ ಎಷ್ಟೋ ದಿನ ಆಯ್ತು. ರಾಗಿಣಿ ಇದ್ದಿದ್ರೆ ಸಾಕು ಬಿಡಕ್ಕ ಅಂದು ಕೂರಿಸಿರೋಳು. ನಾವು ಪಾನಕ ಕುಡಿಯೋಕೆ ಬಂದೋರು, ತಲೆ ಆಡ್ಸೋಣ.” ಅದರ ಬೆನ್ನಿಗೇ ನನ್ನ ಬಾಯಿಂದ ದೊಡ್ಡದೊಂದು “ಭೇಷ್”.

ಆ ಭೇಷ್ ಕೇಳಿದಾಗ ಇಯರ್‌ಫೋನ್ ಕಿತ್ತು ಹಾಕಿದೆ. ಸತ್ತವಳ ಬಾಯಲ್ಲಿ ನನ್ನ ಮಾತು ಇಟ್ಟೆನಲ್ಲ. ಅವಳು ಎಂದೂ ಹಾಗೆ ಅಂದವಳಲ್ಲ.

ಬಾಯಿಚಪಲ, ಅತ್ತಿಗೆ. ಮೈಕು ಅಗ್ಗದ್ದು, ದೂರದ್ದನ್ನು ಬಿಟ್ಟು ಹತ್ತಿರದ್ದನ್ನು ಹಿಡಿಯಿತು ಎಂದು ಶಿಲ್ಪಾಗೆ ಹೇಳಿದೆ. ಅದು ಪೂರ್ತಿ ನಿಜವಲ್ಲ. ದಯವಿಟ್ಟು ಮಕ್ಕಳನ್ನು ಪಾಠಕ್ಕೆ ಕರೆಯಿರಿ. ದೀಪಾಂಜಲಿ ನಗರದವರಿಗೆ ಬರುತ್ತೇನೆಂದು ಹೇಳಿ. ನನ್ನೊಡನೆ ಮಾತು ಬಿಟ್ಟರೂ ಚಿಂತೆಯಿಲ್ಲ, ಹಾಡು ಬಿಡಬೇಡಿ.

ನಿಮ್ಮೆದುರು ನಿಲ್ಲುವ ಮುಖವಿಲ್ಲದ,
ವೆಂಕಟಗಿರಿ

ಮರೆತು ಬಿಟ್ಟದ್ದಲ್ಲ, ಬರೆಯಲು ನಾಚಿ ಬಿಟ್ಟದ್ದು: ಸೀಡಿಯನ್ನು ದೇವೇಂದ್ರಪ್ಪನವರಿಗೆ ಕೊಟ್ಟು, ಬಲಗಡೆಯದನ್ನು ಕೇಳಿ ಎಂದೆ. ಮೇಲಿನ ಷಡ್ಜದ ಹತ್ತಿರ ಅವರು ಕಣ್ಣು ಮುಚ್ಚಿಕೊಂಡರು. ಅದನ್ನೇ ನನ್ನ ಕಿವಿಗಿಟ್ಟರೆ ನನಗೆ ಬರೀ ಗಾಳಿ. “ನಿಮಗ ಕೇಳಂಗಿಲ್ಲೇನ್ರಿ?” ಎಂದು ಮೆತ್ತಗೆ ಕೇಳಿ, ನಿನ್ನೆ ವಿಜಯನಗರದ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಕೈ ಎತ್ತಿ ಎಂದರು. ಬಲಗಿವಿಗೆ ಕೆಲವು ಸಲ ಎತ್ತಿದೆ, ಸದ್ದು ತಾರಕ್ಕೇರಿ ಸಣ್ಣಗಾದ ಮೇಲೆ ಎತ್ತಲಿಲ್ಲ. ಆಮೇಲೆ ಬಹಳ ಹೊತ್ತು ಸುಮ್ಮನೆ ಕಾದು, ಎಡಗಿವಿಗೆ ಯಾವಾಗ ಶುರು ಮಾಡುತ್ತೀರಿ ಎಂದೆ. “ಮುಗೀತು ಸಾರ್” ಎಂದರು.

ಪರ್ಸನಲ್ ಎರರ್, ಅಳೆಯುವವನದೇ ದೋಷ. ಆ ಎರಡನೆಯದರ ಹೆಸರು ಅದು.

ಅಂಗಡಿಯಲ್ಲಿ ಎಡಕ್ಕೆ ಹಾಕಿ ನೋಡಿದ ಮೂರೂ ಮೈಕು ಸರಿಯಾಗಿಯೇ ಇದ್ದವು. ನಿಮ್ಮ ಷಡ್ಜವೂ ಇದ್ದಲ್ಲೇ ಇದೆ. ಹ್ಯಾಂಗರನ್ನು ಶಿಲ್ಪಾಳ ಕೈಗೆ ಕಳಿಸುತ್ತಿದ್ದೇನೆ, ಭಾನುವಾರ ಅವಳೇ ನಿಲ್ಲಿಸಲಿ. ನಾನು ಹಿಂದಿನ ಸಾಲಿನಲ್ಲಿ ಕೂತು, ನೀವು ಹಾಡುವುದನ್ನು ನೋಡುತ್ತೇನೆ.