ಮೂರನೇ ಮಹಡಿಯ ಕಾಗೆ

ವೈಶಾಖ ಐವತ್ತೊಂದು, ಕ್ರಿ.ಶ. ೨೨೯೧

ಕಾಗೆಗಳಿರುವ ಕಾಲದವರೇ,

ತಾರೀಖು ನೋಡಿ ಗಾಬರಿಯಾಗಬೇಡಿ. ಮಳೆ ಬೀಳುವವರೆಗೆ ನಾವು ವೈಶಾಖವನ್ನು ಮುಗಿಸುವುದಿಲ್ಲ. ಮುಗಿಸಿ ಮಾಡುವುದಾದರೂ ಏನಿದೆ? ಮಾತು ವಿಚಿತ್ರ ಅನಿಸಿದರೆ ಕ್ಷಮಿಸಿ. ನಿಮ್ಮ ಕನ್ನಡ ನನಗೆ ಮುತ್ತಜ್ಜಿಯ ಸೀರೆ, ಉಡಲು ಹೋದರೆ ನೆರಿಗೆ ನಿಲ್ಲುವುದಿಲ್ಲ.

ಇವತ್ತೂ ನನ್ನ ತಮ್ಮ ಸಣ್ಣಯ್ಯನ ಜೊತೆ ನಗರದ ನಿಸರ್ಗ ಮ್ಯೂಸಿಯಂಗೆ ಹೋಗಿದ್ದೆ. ಬಿಸಿಲಿಗೆ ಹೆದರಿ ಸುರಂಗದಲ್ಲೇ ಓಡುವ ನೆರಳುಗಾಡಿಯಲ್ಲಿ ನಿಂತುಕೊಂಡೇ ಪ್ರಯಾಣ. ಕೆಳಗಿನ ಮಹಡಿಯ ಆನೆ, ಹುಲಿಗಳ ಮುಂದೆ ನರಪಿಳ್ಳೆಯೂ ಇರುವುದಿಲ್ಲ. ಜನವೆಲ್ಲ ಮೂರನೇ ಮಹಡಿಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಹತ್ತಿ ತುಂಬಿ ನಿಲ್ಲಿಸಿದ ಕಾಗೆಯ ಮುಂದೆ. ಕಾಗೆ ಅಂತ ನಮಗೆ ಉಳಿದಿರುವುದು ಅದೊಂದೇ. ಸತ್ತವರಿಗೆ ಎಡೆ ಇಡಲು ಬಂದವರ ಈ ಸರದಿಯನ್ನು ನಾವು ಎಡೆಸಾಲು ಎನ್ನುತ್ತೇವೆ. ಒಬ್ಬೊಬ್ಬರ ಕೈಯಲ್ಲೂ ಕಾಗದದ ಎಲೆ, ಅದರ ಮೇಲೆ ಅನ್ನ, ವಡೆ, ಸತ್ತವರಿಗೆ ಇಷ್ಟವಾಗಿದ್ದ ಏನಾದರೊಂದು. ಕಾವಲಿನ ಮರಿಯಪ್ಪನವರು ಮೊದಮೊದಲು ಗದರುತ್ತಿದ್ದರು. ಈಗ ಅವರಿಗೂ ಸಾಕಾಗಿದೆ. ಇರುವೆ ಬರದಂತೆ ಗುಡಿಸಿ ಹೋಗಿ ಅನ್ನುತ್ತಾರೆ, ಅಷ್ಟೆ.

ಕಾಗೆ ಎಡೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ, ನಡೆಸಿಕೊಡುತ್ತೇನೆಂದು ಮಾತು ಕೊಟ್ಟರೆ ಬಂದು ಮುಟ್ಟುತ್ತದೆ ಎಂಬ ನಂಬಿಕೆ ನಿಮ್ಮಿಂದಲೇ ಬಂದದ್ದು. ನಿಮಗೇನು, ಹಾರಿ ಬರುವ ಕಾಗೆಯಿತ್ತು. ಅವ್ವ ತೀರಿಕೊಂಡು ನಾಲ್ಕು ವರ್ಷವಾಯಿತು. ಸಣ್ಣಯ್ಯ ಗಾಜಿನ ಮುಂದೆ ಕೂತು ಮಾತು ಕೊಡುತ್ತಲೇ ಇದ್ದಾನೆ. ಕುಡಿಯುವುದು ಬಿಟ್ಟ. ಚಿಕ್ಕಪ್ಪನ ಜೊತೆ ರಾಜಿಯಾದ. ಅವ್ವ ಒಪ್ಪದ ಹುಡುಗಿ ಬೇಡವೆಂದು ಅವಳನ್ನೂ ಕಳೆದುಕೊಂಡ. ಈಗ ಕೆಲಸವನ್ನೂ ಬಿಟ್ಟು ದಿನಾ ಅಲ್ಲೇ. "ಇನ್ನೇನ್ ಉಳ್ಕಂಡದೆ ಹೇಳಕ್ಕ" ಅಂತ ನನ್ನನ್ನು ಕೇಳುತ್ತಾನೆ.

ಇವತ್ತು ಅವನು ಕಣ್ಣು ಮುಚ್ಚಿ ಕೈಮುಗಿದಾಗ ಎಲೆಯಿಂದ ಒಂದು ತುತ್ತು ಎತ್ತಿ ಬಾಯಿಗೆ ಹಾಕಿಕೊಂಡೆ. "ಮುಟ್ತು ಕಣೋ, ಏಳು, ಮನೆಗೋಗವ" ಅಂದೆ. ಅವನು ಎಲೆ ನೋಡಿದ, ನನ್ನ ಮುಖ ನೋಡಿದ. ತುಟಿಗಂಟಿದ್ದ ಅಗುಳನ್ನು ತನ್ನ ಟವೆಲ್ಲಿನಿಂದ ಮೆಲ್ಲಗೆ ಒರೆಸಿ, "ನಿಂಗೆ ಹೊಟ್ಟೆ ಹಸ್ದದೆ, ನೀ ಹೋಗಕ್ಕ" ಅಂದ. ಆಮೇಲೆ ಇನ್ನೊಂದು ಎಲೆ ಹಾಸಿದ.

ನಾನೊಬ್ಬಳೇ ಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ನಿಮಗೆ ಬುದ್ಧಿ ಹೇಳುವಷ್ಟು ತ್ರಾಣ ನನ್ನಲ್ಲಿಲ್ಲ. ನಾಳೆ ನಿಮ್ಮ ಕಿಟಕಿಗೆ ಕಾಗೆ ಬಂದರೆ ಓಡಿಸಬೇಡಿ, ಅದು ಗೂಡು ಕಟ್ಟಿದ ಮರ ಕಡಿಯಬೇಡಿ. ಅದರ ಸಂತತಿಯಲ್ಲಿ ಒಂದಾದರೂ ನಮ್ಮವರೆಗೆ ಬದುಕಿ ಬರಲಿ. ನನ್ನ ತಮ್ಮ ಮನೆಗೆ ಬರಬೇಕು.

ಹೊನ್ನಾಜಮ್ಮ